ಗಿಡದ ವಿಷ, ಗುರಿಯ ಮಾತ್ರೆ

2004ರ ಮೊದಲ ತಿಂಗಳುಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಜ್ಞರಿಗೆ ಒಂದು ದೊಡ್ಡ ನಿರಾಸೆ ಕಾದಿತ್ತು. ಎರಡು ಬೃಹತ್ ಪ್ರಯೋಗಗಳ ಫಲಿತಾಂಶಗಳು ಒಟ್ಟಿಗೇ ಪ್ರಕಟವಾದವು. ಎರಡರಲ್ಲೂ ಕೇಳಿದ್ದ ಪ್ರಶ್ನೆ ಒಂದೇ: ರೂಢಿಯ ಕಿಮೊ ಜೊತೆಗೆ ಜೆಫಿಟಿನಿಬ್ ಎಂಬ ಹೊಸ ಮಾತ್ರೆಯನ್ನೂ ಕೊಟ್ಟರೆ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆಯೇ? ಒಂದೊಂದು ಪ್ರಯೋಗದಲ್ಲೂ ಸಾವಿರಕ್ಕೂ ಮಿಕ್ಕಿದ ರೋಗಿಗಳಿದ್ದರು. ಇಂಟ್ಯಾಕ್ಟ್-2 ಎಂಬ ಪ್ರಯೋಗದಲ್ಲಿ ಬಳಸಿದ ಕಿಮೊ ಎಂದರೆ ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್. ಮೊದಲನೆಯದು ಪ್ಲಾಟಿನಂ ಲೋಹದ್ದು, ಎರಡನೆಯದು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಹೀಗೆ ಗಿಡದಿಂದ ಬಂದ ಔಷಧವನ್ನೂ ಕ್ಯಾನ್ಸರಿನ ಒಂದೇ ಒಂದು ಪ್ರೋಟೀನನ್ನು ಗುರಿಯಿಟ್ಟು ಹಿಡಿಯುವ ಔಷಧವನ್ನೂ ಜೋಡಿಸಿ ನೋಡಿದ್ದಾಯಿತು. ಏನೂ ಲಾಭವಾಗಲಿಲ್ಲ. ಮಾತ್ರೆ ನುಂಗಿದವರೂ ನುಂಗದವರೂ ಸರಿಸುಮಾರು ಒಂದೇ ಕಾಲ ಬದುಕಿದರು. ಎರ್ಲೋಟಿನಿಬ್ ಎಂಬ ಇನ್ನೊಂದು ಮಾತ್ರೆಯನ್ನು ಅದೇ ಕಿಮೊ ಜೊತೆ ಕೊಟ್ಟು ನೋಡಿದ ಮತ್ತೊಂದು ಪ್ರಯೋಗವೂ ಹಾಗೆಯೇ ಮುಗಿಯಿತು.

ಈ ಸೋಲಿಗೆ ಆಗ ಕೊಟ್ಟ ಒಂದು ವಿವರಣೆ ಸ್ವಾರಸ್ಯವಾಗಿದೆ. ಜೀವಕೋಶ ಇಬ್ಭಾಗವಾಗುವಾಗ ಅದರೊಳಗೆ ಸಣ್ಣ ಕೊಳವೆಗಳು ಎದ್ದು, ವರ್ಣತಂತುಗಳನ್ನು ಎರಡು ಕಡೆಗೆ ಎಳೆದು, ಕೆಲಸ ಮುಗಿದ ಮೇಲೆ ಕಳಚಿಕೊಳ್ಳುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಆ ಕೊಳವೆಗಳನ್ನು ಕಳಚಿಕೊಳ್ಳಲು ಬಿಡುವುದಿಲ್ಲ. 1979ರಲ್ಲಿ ಸೂಸನ್ ಹಾರ್ವಿಟ್ಜ್ ಇದನ್ನು ತೋರಿಸಿಕೊಟ್ಟರು. ಕೋಶ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು ಸಾಯುತ್ತದೆ. ಅಂದರೆ ಈ ಔಷಧಕ್ಕೆ ಇಬ್ಭಾಗವಾಗಲು ಹೊರಟಿರುವ ಕೋಶವೇ ಬೇಕು. ಜೆಫಿಟಿನಿಬ್ ಮಾಡುವುದು ಇದಕ್ಕೆ ತದ್ವಿರುದ್ಧ. ಅದು ಕೋಶವನ್ನು ವಿಭಜನೆಯ ಹೊಸ್ತಿಲು ದಾಟುವ ಮೊದಲೇ ತಡೆದು ನಿಲ್ಲಿಸುತ್ತದೆ. ಒಂದು ಮದ್ದು ನಿಲ್ಲು ಅನ್ನುತ್ತಿದ್ದರೆ ಇನ್ನೊಂದು ಹೊರಟವರನ್ನಷ್ಟೇ ಹಿಡಿಯುತ್ತದೆ. ಎರಡು ಒಳ್ಳೆಯ ಔಷಧಗಳು ಸೇರಿದರೆ ಇಮ್ಮಡಿ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲ ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಆದರೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಅದು ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ ಹೊರಬಿತ್ತು. ಬಾಸ್ಟನ್ನಿನ ಎರಡು ತಂಡಗಳು ಬೇರೆ ಬೇರೆಯಾಗಿ ಕೆಲಸ ಮಾಡಿ ಒಂದೇ ಸಂಗತಿಯನ್ನು ಕಂಡುಕೊಂಡಿದ್ದವು; ಸ್ವಲ್ಪದರಲ್ಲೇ ನ್ಯೂಯಾರ್ಕಿನ ಇನ್ನೊಂದು ತಂಡವೂ ಅದನ್ನೇ ಹೇಳಿತು. ನಮ್ಮ ಕೋಶಗಳ ಹೊರಪೊರೆಯಲ್ಲಿ ಇಜಿಎಫ್‌ಆರ್ ಎಂಬ ಗ್ರಾಹಿ ಪ್ರೋಟೀನ್ ಇರುತ್ತದೆ. ಹೊರಗಿನಿಂದ ಬೆಳವಣಿಗೆಯ ಸಂದೇಶ ಬಂದಾಗ ಮಾತ್ರ ಅದು ಒಳಗೆ ಸುದ್ದಿ ಮುಟ್ಟಿಸಬೇಕು. ಕೆಲವರ ಶ್ವಾಸಕೋಶದ ಗೆಡ್ಡೆಯಲ್ಲಿ ಈ ಪ್ರೋಟೀನಿನ ಜೀನ್ ಒಂದು ಚಿಕ್ಕ ತುಣುಕನ್ನು ಕಳೆದುಕೊಂಡಿರುತ್ತದೆ, ಇಲ್ಲವೇ ಪ್ರೋಟೀನಿನ 858ನೇ ಸ್ಥಾನದಲ್ಲಿ ಲ್ಯೂಸೀನ್ ಇರಬೇಕಾದ ಕಡೆ ಆರ್ಜಿನೀನ್ ಬಂದು ಕೂತಿರುತ್ತದೆ. ಅಷ್ಟಕ್ಕೇ ಅದು, ಗುಂಡಿ ಒಳಗೆ ಸಿಕ್ಕಿಕೊಂಡ ಕರೆಗಂಟೆಯ ಹಾಗೆ, ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಬಡಿದುಕೊಳ್ಳುತ್ತಲೇ ಇರುತ್ತದೆ. ಜೆಫಿಟಿನಿಬ್ ಹಿಡಿಯುವುದು ಈ ಕೆಟ್ಟ ಪ್ರೋಟೀನನ್ನು. ಅದು ಇಲ್ಲದವರಿಗೆ ಎಷ್ಟು ಮಾತ್ರೆ ಕೊಟ್ಟರೂ ವ್ಯರ್ಥ.

ಇಂಟ್ಯಾಕ್ಟ್ ಪ್ರಯೋಗಗಳಲ್ಲಿ ಯಾರಿಗೆ ಜೀನಿನ ಈ ಬದಲಾವಣೆ, ಅಂದರೆ ಮ್ಯುಟೇಶನ್ ಇದೆ, ಯಾರಿಗಿಲ್ಲ ಎಂದು ಯಾರೂ ನೋಡಿರಲಿಲ್ಲ, ನೋಡಬೇಕೆಂಬುದೇ ಗೊತ್ತಿರಲಿಲ್ಲ. ಪೂರ್ವ ಏಷ್ಯಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಐಪಾಸ್ ಪ್ರಯೋಗ ಅದನ್ನು ನೋಡಿತು. ಮ್ಯುಟೇಶನ್ ಇದ್ದವರಲ್ಲಿ ನೂರಕ್ಕೆ 71 ಮಂದಿಯ ಗೆಡ್ಡೆ ಜೆಫಿಟಿನಿಬ್‌ಗೆ ಕುಗ್ಗಿತು. ಇಲ್ಲದವರಲ್ಲಿ ಕುಗ್ಗಿದ್ದು ನೂರಕ್ಕೆ ಒಬ್ಬರದು. ಅವರಿಗೆ ಯೂ ಮರದ ಕಿಮೊ ಎಷ್ಟೋ ಮೇಲಾಗಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಅಡಿನೊಕಾರ್ಸಿನೋಮ ಬಗೆಯ ಶ್ವಾಸಕೋಶ ಕ್ಯಾನ್ಸರ್ ಇರುವವರಲ್ಲಿ ನೂರಕ್ಕೆ ಹತ್ತು ಹದಿನೈದು ಮಂದಿಗೆ ಈ ಮ್ಯುಟೇಶನ್ ಇರುತ್ತದೆ. ಪೂರ್ವ ಏಷ್ಯಾದಲ್ಲಿ ಹೆಚ್ಚುಕಡಿಮೆ ಅರ್ಧ. ಭಾರತದಲ್ಲಿ ಸುಮಾರು ಕಾಲು ಭಾಗ, ಕೆಲವು ವರದಿಗಳಲ್ಲಿ ಇನ್ನೂ ತುಸು ಹೆಚ್ಚು.

ಹಾಗಾದರೆ ಸರಿಯಾದ ರೋಗಿಗಳನ್ನೇ ಆರಿಸಿ, ಮಾತ್ರೆ ಮತ್ತು ಕಿಮೊ ಎರಡನ್ನೂ ಒಟ್ಟಿಗೆ ಕೊಟ್ಟರೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಪ್ರಮುಖರು. 350 ರೋಗಿಗಳು, ಎಲ್ಲರಿಗೂ ಇಜಿಎಫ್‌ಆರ್ ಮ್ಯುಟೇಶನ್. ಅರ್ಧ ಮಂದಿಗೆ ಜೆಫಿಟಿನಿಬ್ ಮಾತ್ರ, ಉಳಿದವರಿಗೆ ಅದರ ಜೊತೆ ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೊಪ್ಲಾಟಿನ್. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಾತ್ರೆಯೊಂದನ್ನೇ ಪಡೆದವರಲ್ಲಿ ರೋಗ ಹತೋಟಿಯಲ್ಲಿದ್ದದ್ದು 8 ತಿಂಗಳು, ಎರಡನ್ನೂ ಪಡೆದವರಲ್ಲಿ 16 ತಿಂಗಳು. ಬೆಲೆಯನ್ನೂ ತೆತ್ತಿದ್ದಾರೆ: ತೀವ್ರ ಅಡ್ಡಪರಿಣಾಮಗಳು ನೂರಕ್ಕೆ 25 ಇದ್ದದ್ದು 51ಕ್ಕೆ ಏರಿತು. ಇಲ್ಲಿನ ಕಿಮೊ ಗಿಡದ್ದಲ್ಲ ಎಂಬುದನ್ನು ಹೇಳಲೇಬೇಕು. ಪೆಮೆಟ್ರೆಕ್ಸೆಡ್ ಪ್ರಯೋಗಾಲಯದಲ್ಲಿ ಕಟ್ಟಿದ ಅಣು. ಅದರ ಮೂಲ ಹುಡುಕುತ್ತಾ ಹೋದರೆ ಪ್ರಿನ್ಸ್‌ಟನ್ನಿನ ಎಡ್ವರ್ಡ್ ಟೇಲರ್ ಅಭ್ಯಾಸ ಮಾಡುತ್ತಿದ್ದ ಚಿಟ್ಟೆ ರೆಕ್ಕೆಯ ಬಣ್ಣಕ್ಕೆ ತಲುಪುತ್ತೇವೆ. ಈಚಿನ ಆಸಿಮೆರ್ಟಿನಿಬ್ ಮಾತ್ರೆಗೆ ಇದೇ ಬಗೆಯ ಕಿಮೊ ಸೇರಿಸಿದಾಗಲೂ ರೋಗಿಗಳು ಹೆಚ್ಚು ಕಾಲ ಬದುಕಿದರು. 2025ರ ಲೆಕ್ಕದಲ್ಲಿ ಅದು 37.6 ತಿಂಗಳಿಂದ 47.5 ತಿಂಗಳಿಗೆ ಏರಿದೆ.

ಯೂ ಮರವೂ ಕೈಬಿಟ್ಟುಹೋಗಲಿಲ್ಲ. ಗೆಡ್ಡೆಗೆ ಹೊಸ ರಕ್ತನಾಳ ಚಿಗುರದಂತೆ ತಡೆಯುವ ಬೆವಾಸಿಜುಮ್ಯಾಬ್ ಎಂಬ ಪ್ರತಿಕಾಯವನ್ನು ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೊಪ್ಲಾಟಿನ್‌ಗೆ ಸೇರಿಸಿದಾಗ ಸರಾಸರಿ ಬದುಕು 10.3 ತಿಂಗಳಿಂದ 12.3 ತಿಂಗಳಿಗೆ ಏರಿತು. ಅಮೆರಿಕದಲ್ಲಿ 2006ರಲ್ಲೇ ಇದಕ್ಕೆ ಅನುಮತಿ ಸಿಕ್ಕಿದೆ. ಎರಡು ತಿಂಗಳೇ ಎಂದು ಮೂಗು ಮುರಿಯಬಹುದು. ಆದರೆ ಗಿಡದ ವಸ್ತು ಮತ್ತು ಗುರಿ ಔಷಧದ ಜೋಡಿ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಬದುಕನ್ನು ಹಿಗ್ಗಿಸಬಲ್ಲದು ಎಂಬುದು ಸಾಬೀತಾಗಿ ಇಪ್ಪತ್ತು ವರ್ಷವಾಗುತ್ತಾ ಬಂತು ಎಂಬುದಂತೂ ಸತ್ಯ. ಇದನ್ನು ಯಾರೂ ಗಿಡಮೂಲಿಕೆ ಚಿಕಿತ್ಸೆ ಎಂದು ಕರೆಯುವುದಿಲ್ಲ, ಅಷ್ಟೆ.

ಈ ಜೋಡಿಯ ಅತ್ಯಂತ ಸೊಗಸಾದ ರೂಪ ನೋಡಬೇಕಾದರೆ ನಾವು ಪಶ್ಚಿಮ ಘಟ್ಟಕ್ಕೇ ಬರಬಹುದು. ಅಲ್ಲಿನ ಕಾಡುಗಳಲ್ಲಿ ನಾಥಾಪೊಡೈಟೀಸ್ ನಿಮ್ಮೋನಿಯಾನಾ ಎಂಬ ಸಣ್ಣ ಮರವಿದೆ. ಹೂ ಬಿಟ್ಟ ಕಾಲದಲ್ಲಿ ಹತ್ತಿರ ಹೋದವರು ಮೂಗು ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ಇದನ್ನು ದುರ್ವಾಸನೆ ಮರ ಎನ್ನುವುದುಂಟು. ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ 1972ರಲ್ಲಿ ಈ ಮರದಲ್ಲಿ ಕ್ಯಾಂಪ್ಟೋಥೆಸಿನ್ ಇದೆಯೆಂದು ವರದಿ ಮಾಡಿದರು. ಅದಕ್ಕೆ ಆರು ವರ್ಷ ಮೊದಲು ಚೀನಾದ ಮರವೊಂದರಲ್ಲಿ ಇದೇ ವಸ್ತುವನ್ನು ಪತ್ತೆಮಾಡಿದ್ದವರು ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾಣಿ. ಯೂ ಮರದ ಪ್ಯಾಕ್ಲಿಟ್ಯಾಕ್ಸೆಲ್‌ನ ರಚನೆಯನ್ನು 1971ರಲ್ಲಿ ಬಿಡಿಸಿಟ್ಟದ್ದೂ ಇದೇ ಜೋಡಿ. ಕ್ಯಾನ್ಸರ್ ಚಿಕಿತ್ಸೆಯ ಎರಡು ದೊಡ್ಡ ಗಿಡಮದ್ದುಗಳು ಒಂದೇ ಪ್ರಯೋಗಾಲಯದ ಬೆಂಚಿನಿಂದ ಎದ್ದು ಬಂದವು.

ಕ್ಯಾಂಪ್ಟೋಥೆಸಿನ್ ಮಾತ್ರ ಬಹಳ ಕಾಲ ಉಪಯೋಗಕ್ಕೆ ಬರಲಿಲ್ಲ. ನೀರಿನಲ್ಲಿ ಕರಗದ ವಸ್ತು. ಲವಣ ಮಾಡಿ ಕರಗಿಸಿ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಿಂದ ರಕ್ತ ಸುರಿಯತೊಡಗಿತು. ಪ್ರಯೋಗ ನಿಂತಿತು. ಅದು ಕೊಲ್ಲುವುದು ಹೇಗೆಂದು ಗೊತ್ತಾದದ್ದು 1985ರಲ್ಲಿ. ಡಿಎನ್‌ಎ ಸುರುಳಿ ಬಿಚ್ಚಿಕೊಳ್ಳುವಾಗ ಬೀಳುವ ತಿರುಚನ್ನು ಸಡಿಲಿಸಲು ಟೋಪೊಐಸೋಮರೇಸ್-1 ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೋಥೆಸಿನ್ ಕತ್ತರಿಸಲು ಬಿಟ್ಟು, ಬೆಸೆಯಲು ಬಿಡುವುದಿಲ್ಲ. ಇದು ತಿಳಿದ ಮೇಲೆ ಅಣುವನ್ನು ಅಲ್ಲಲ್ಲಿ ತಿದ್ದಿ ಟೋಪೊಟೆಕಾನ್, ಇರಿನೊಟೆಕಾನ್ ಮಾಡಿದರು. ಟೋಪೊಟೆಕಾನ್ ಇಂದಿಗೂ ಸಣ್ಣಕೋಶದ ಶ್ವಾಸಕೋಶ ಕ್ಯಾನ್ಸರಿಗೆ ಬಳಕೆಯಲ್ಲಿದೆ.

ಆಮೇಲೆ ಜಪಾನಿನ ದೈಇಚಿ ಸಾಂಕ್ಯೊ ಕಂಪನಿಯ ರಸಾಯನಶಾಸ್ತ್ರಜ್ಞರು ಈ ಕುಟುಂಬದ ಇನ್ನೂ ಉಗ್ರವಾದ ಒಂದು ಅಣುವನ್ನು ತೆಗೆದುಕೊಂಡು ಪ್ರತಿಕಾಯಕ್ಕೇ ಪೋಣಿಸಿದರು. ಹೆರ್-2 ಎಂಬ ಗ್ರಾಹಿಯನ್ನು ಹುಡುಕಿ ಹಿಡಿಯುವ ಟ್ರಾಸ್ಟುಜುಮ್ಯಾಬ್ ಪ್ರತಿಕಾಯದ ಪ್ರತಿಯೊಂದು ಅಣುವಿಗೆ ಸುಮಾರು ಎಂಟು ವಿಷದ ಅಣುಗಳು. ನಡುವೆ ಒಂದು ಕೊಂಡಿ. ಈ ಕೊಂಡಿ ರಕ್ತದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಪ್ರತಿಕಾಯವನ್ನು ಕ್ಯಾನ್ಸರ್ ಕೋಶ ಒಳಗೆಳೆದುಕೊಂಡ ಮೇಲೆ ಅಲ್ಲಿನ ಕಿಣ್ವಗಳು ಅದನ್ನು ತುಂಡರಿಸುತ್ತವೆ. ಬಿಡುಗಡೆಯಾದ ವಿಷ ಆ ಕೋಶವನ್ನು ಕೊಲ್ಲುವುದಲ್ಲದೆ ಪೊರೆ ದಾಟಿ ಪಕ್ಕದ ಕೋಶಕ್ಕೂ ನುಗ್ಗುತ್ತದೆ. ಹೆರ್-2 ಮ್ಯುಟೇಶನ್ ಇರುವ ಶ್ವಾಸಕೋಶ ಕ್ಯಾನ್ಸರಿನ, ಬೇರೆ ಚಿಕಿತ್ಸೆಗಳು ಸೋತಿದ್ದ 91 ರೋಗಿಗಳಿಗೆ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಗೆಡ್ಡೆ ಕುಗ್ಗಿತು. 2022ರಲ್ಲಿ ಅಮೆರಿಕದಲ್ಲಿ ಅನುಮತಿಯೂ ದೊರೆಯಿತು. ಇದೇ ವಿಷವನ್ನು ಟ್ರಾಪ್-2 ಎಂಬ ಇನ್ನೊಂದು ಗುರಿಯ ಪ್ರತಿಕಾಯಕ್ಕೆ ಪೋಣಿಸಿದ ಔಷಧಕ್ಕೆ 2025ರಲ್ಲಿ ಇಜಿಎಫ್‌ಆರ್ ಮ್ಯುಟೇಶನ್ ಇರುವ, ಮಾತ್ರೆ ಮತ್ತು ಕಿಮೊ ಎರಡೂ ಸೋತ ರೋಗಿಗಳಿಗೆ ಕೊಡಲು ಅಲ್ಲಿ ಒಪ್ಪಿಗೆ ಸಿಕ್ಕಿದೆ. ಅಪಾಯ ಇಲ್ಲವೆಂದಲ್ಲ. ಕೆಲವರಲ್ಲಿ ಶ್ವಾಸಕೋಶದ ಆರೋಗ್ಯವಂತ ಭಾಗವೇ ಉರಿಯೂತಕ್ಕೆ ಸಿಕ್ಕಿ ಪ್ರಾಣಕ್ಕೆ ಕುತ್ತು ತರುತ್ತದೆ, ಹಾಗಾಗಿ ಹೊಸ ಕೆಮ್ಮು ಬಂದರೂ ಲಘುವಾಗಿ ನೋಡುವಂತಿಲ್ಲ.

ಘಟ್ಟದ ಮರಕ್ಕಂತೂ ಈ ಕೀರ್ತಿ ಶುಭವಾಗಿ ಪರಿಣಮಿಸಲಿಲ್ಲ. ಕ್ಯಾಂಪ್ಟೋಥೆಸಿನ್ ಬೇರಿನಲ್ಲಿ ಹೆಚ್ಚಿರುವುದರಿಂದ ಬುಡಸಮೇತ ಕಿತ್ತು ಸಾಗಿಸಿದವರು ಬಹಳ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಯಾವ ಕಾಡಿನ ಮರಗಳಲ್ಲಿ ಇಳುವರಿ ಹೆಚ್ಚು, ಮರ ಕಡಿಯದೆ ಅದರೊಳಗೆ ವಾಸಿಸುವ ಶಿಲೀಂಧ್ರಗಳಿಂದಲೇ ಈ ವಸ್ತುವನ್ನು ಪಡೆಯಬಹುದೇ ಎಂದು ಹುಡುಕಿದ್ದು ಈ ಕಾರಣಕ್ಕೇ.

ಇಷ್ಟು ಹೇಳಿದ ಮೇಲೂ, ಈ ಅಧ್ಯಾಯದ ವಿಷಯ ಕೇಳಿದ ತಕ್ಷಣ ಓದುಗರ ಮನಸ್ಸಿಗೆ ಬಂದದ್ದು ಯೂ ಮರವೂ ಅಲ್ಲ, ದುರ್ವಾಸನೆ ಮರವೂ ಅಲ್ಲ, ಅರಿಶಿನ ಎಂದು ನನಗೆ ಗೊತ್ತು. "ಡಾಕ್ಟ್ರೇ, ಮಾತ್ರೆ ಜೊತೆಗೆ ಅಪ್ಪಂಗೆ ಅರಿಶಿನದ ಕಷಾಯ ಕೊಡಬಹುದಾ?" ಎಂಬ ಪ್ರಶ್ನೆ ಕೇಳಿಸದ ಕ್ಯಾನ್ಸರ್ ಹೊರರೋಗಿ ವಿಭಾಗ ನಮ್ಮ ರಾಜ್ಯದಲ್ಲಿ ಇರಲಾರದು.

ಪ್ರಶ್ನೆ ದಡ್ಡತನದ್ದಲ್ಲ. 2011ರಲ್ಲಿ ತೈವಾನಿನ ಸಂಶೋಧಕರು ಶ್ವಾಸಕೋಶ ಕ್ಯಾನ್ಸರಿನ ಗೆಡ್ಡೆ ಬೆಳೆಸಿದ ಇಲಿಗಳಿಗೆ ಜೆಫಿಟಿನಿಬ್ ಜೊತೆ ಅರಿಶಿನದ ಕರ್ಕ್ಯುಮಿನ್ ಕೊಟ್ಟರು. ಗೆಡ್ಡೆ ಹೆಚ್ಚು ಕುಗ್ಗಿತು, ಮಾತ್ರೆಯಿಂದ ಕರುಳಿಗೆ ಆಗುವ ಹಾನಿಯೂ ಕಡಿಮೆಯಾಯಿತು. ಮರದರಿಶಿನದಲ್ಲಿರುವ ಬರ್ಬೆರಿನ್‌ನದು ಇನ್ನೂ ಕುತೂಹಲದ ಕಥೆ. ಆಸಿಮೆರ್ಟಿನಿಬ್‌ಗೆ ಜಗ್ಗದೆ ನಿಂತ ಕೆಲವು ಗೆಡ್ಡೆಗಳು ಮೆಟ್ ಎಂಬ ಇನ್ನೊಂದು ಗ್ರಾಹಿಯನ್ನು ವಿಪರೀತ ಬೆಳೆಸಿಕೊಂಡು ಬಳಸುದಾರಿ ಹಿಡಿದಿರುತ್ತವೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬರ್ಬೆರಿನ್ ಈ ಮೆಟ್‌ಗೇ ಅಡ್ಡಗಾಲು ಹಾಕುತ್ತದೆ, ಆಸಿಮೆರ್ಟಿನಿಬ್ ಜೊತೆ ಸೇರಿ ಅಂಥ ಕೋಶಗಳನ್ನು ಕೊಲ್ಲುತ್ತದೆ ಎಂದು ತೋರಿಸಿತು. ಇಲ್ಲಿ ಗುರಿ ಯಾವುದೆಂದು ಹೇಳಿದ್ದಾರೆ, ಯಾವ ರೋಗಿಗೆ ಎಂದೂ ಊಹಿಸಬಹುದು. ಇಂಥ ಕೆಲಸಕ್ಕೆ ನನ್ನ ಗೌರವವಿದೆ. ಆದರೆ ಗಾಜಿನ ತಟ್ಟೆಯ ಕೋಶಕ್ಕೂ ಇಲಿಗೂ ಆದದ್ದು ಮನುಷ್ಯರಿಗೆ ಆಗಬೇಕಾದರೆ ಆ ವಸ್ತು ಮೊದಲು ರಕ್ತಕ್ಕೆ ಸೇರಬೇಕಲ್ಲ!

ಕರ್ಕ್ಯುಮಿನ್ ಎಡವುವುದು ಅಲ್ಲಿಯೇ. ತಟ್ಟೆಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಸಾಂದ್ರತೆ ಹತ್ತು ಮೈಕ್ರೊಮೋಲಾರ್, ಇಲ್ಲವೇ ಅದಕ್ಕೂ ಹೆಚ್ಚು. ಮನುಷ್ಯರಿಗೆ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ಅಳೆದಾಗ ರಕ್ತದಲ್ಲಿ ಸಿಕ್ಕಿದ್ದು ಎರಡು ಮೈಕ್ರೊಮೋಲಾರಿಗೂ ಕಡಿಮೆ, ಅದೂ ಕೆಲವು ಗಂಟೆ ಮಾತ್ರ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು. 8 ಗ್ರಾಂ ಬೇಕಾದರೆ ದಿನವೂ ಕಾಲು ಕಿಲೋಗೂ ಹೆಚ್ಚು ಅರಿಶಿನ ತಿನ್ನಬೇಕು. ಗುಂಡ್ಲುಪೇಟೆಯ ಬೆಳೆಗಾರರಿಗೆ ಸಂತೋಷವಾದೀತು, ಹೊಟ್ಟೆ ಒಪ್ಪುವುದಿಲ್ಲ. ಇದಲ್ಲದೆ ಕರ್ಕ್ಯುಮಿನ್ ಅನೇಕ ಪರೀಕ್ಷೆಗಳಲ್ಲಿ ಕೆಲಸ ಮಾಡಿದಂತೆ ಸುಳ್ಳು ಸಂಕೇತ ಕೊಡುವ ಅಣು. ಅಮೆರಿಕದ ರಸಾಯನಶಾಸ್ತ್ರಜ್ಞರು 2017ರಲ್ಲಿ ಇದನ್ನು ವಿವರವಾಗಿ ಬರೆದು, ಇದರ ಮೇಲಿನ ಉತ್ಸಾಹಕ್ಕೆ ತಣ್ಣೀರೆರಚಿದ್ದಾರೆ.

ರಕ್ತಕ್ಕೆ ಸೇರಿಸುವ ಉಪಾಯವೊಂದನ್ನು ಕಂಡುಕೊಂಡದ್ದು ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಸಾರವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತಕ್ಕೆ ಸೇರಿದ ಕರ್ಕ್ಯುಮಿನ್ 2000% ಹೆಚ್ಚಿತು. ಇಂದು ಔಷಧದಂಗಡಿಗಳಲ್ಲಿ ಸಿಗುವ ಅರಿಶಿನದ ಎಷ್ಟೋ ಕ್ಯಾಪ್ಸೂಲುಗಳ ಡಬ್ಬದ ಮೇಲೆ ಮೆಣಸಿನ ಹೆಸರು ಕಾಣುವುದಕ್ಕೆ ಈ ಪ್ರಬಂಧ ದೊಡ್ಡ ಕಾರಣ. ಏನೂ ಇಲ್ಲದಷ್ಟು ಸ್ವಲ್ಪ ಇದ್ದದ್ದು ಇಪ್ಪತ್ತು ಪಟ್ಟಾದರೂ ಸ್ವಲ್ಪವೇ ಎಂಬುದನ್ನು ಡಬ್ಬ ಹೇಳುವುದಿಲ್ಲ.

ಡಬ್ಬ ಹೇಳದ ಇನ್ನೊಂದು ಸಂಗತಿ ಹೆಚ್ಚು ಗಂಭೀರ. ಪೈಪರಿನ್ ಇದನ್ನು ಸಾಧಿಸುವುದು ಕರುಳು ಮತ್ತು ಯಕೃತ್ತು ಹೊರಗಿನ ವಸ್ತುಗಳನ್ನು ವಿಲೇವಾರಿ ಮಾಡುವ ಕಿಣ್ವಗಳನ್ನು ತಡೆದು. ಅದು ತಡೆಯುವ ಕಿಣ್ವಗಳಲ್ಲಿ ಸಿವೈಪಿ3ಎ4 ಒಂದು. ಜೆಫಿಟಿನಿಬ್, ಎರ್ಲೋಟಿನಿಬ್, ಆಸಿಮೆರ್ಟಿನಿಬ್ ಮೂರನ್ನೂ ದೇಹ ಮುಖ್ಯವಾಗಿ ಇದೇ ಕಿಣ್ವದಿಂದ ಕರಗಿಸುತ್ತದೆ. ಬರ್ಬೆರಿನ್ ಕೂಡ ಮನುಷ್ಯರಲ್ಲಿ ಇದನ್ನು ತಡೆಯುತ್ತದೆಂದು ಅಳೆದು ನೋಡಿದ್ದಾರೆ. ಈ ಕಿಣ್ವ ಎಷ್ಟು ಮುಖ್ಯವೆಂದರೆ, ಅದನ್ನು ಬಲವಾಗಿ ತಡೆಯುವ ಇಟ್ರಾಕೊನಜೋಲ್ ಎಂಬ ಶಿಲೀಂಧ್ರದ ಮದ್ದು ಕೊಟ್ಟರೆ ದೇಹಕ್ಕೆ ಸಿಗುವ ಜೆಫಿಟಿನಿಬ್ ಸುಮಾರು 80% ಏರುತ್ತದೆ. ಅದನ್ನು ಕೆರಳಿಸುವ ಕ್ಷಯದ ಮಾತ್ರೆ ರಿಫಾಂಪಿಸಿನ್ ಕೊಟ್ಟರೆ 80%ಗಿಂತಲೂ ಹೆಚ್ಚು ಇಳಿಯುತ್ತದೆ. ಏರಿದರೆ ಮೈಮೇಲೆ ಗುಳ್ಳೆ, ಭೇದಿ, ಯಕೃತ್ತಿಗೆ ಪೆಟ್ಟು. ಇಳಿದರೆ ಕ್ಯಾನ್ಸರಿಗೆ ಬಿಡುವು. ಪೈಪರಿನ್‌ನ ಪ್ರಭಾವ ಇಟ್ರಾಕೊನಜೋಲ್‌ನಷ್ಟು ಬಲವಾದದ್ದಲ್ಲ. ಆದರೂ ಮಾತ್ರೆಯ 250 ಮಿಲಿಗ್ರಾಂ ಪ್ರಮಾಣವನ್ನು ನೂರಾರು ರೋಗಿಗಳಲ್ಲಿ ಅಳೆದು ತೂಗಿ ಗೊತ್ತುಮಾಡಿರುವಾಗ, ಅಳತೆಯಿಲ್ಲದ ಇನ್ನೊಂದು ಕೈ ಅದನ್ನು ಏರುಪೇರು ಮಾಡುವುದು ಯಾವ ಜಾಣತನ? ಹಾಗೆಂದು ಸಾರಿಗೆ ಹಾಕುವ ಮೆಣಸಿಗೋ ಒಗ್ಗರಣೆಯ ಅರಿಶಿನಕ್ಕೋ ಹೆದರಬೇಕಿಲ್ಲ. ನಾನು ಹೇಳುತ್ತಿರುವುದು ದಿನಾ ನೇಮದಿಂದ ನುಂಗುವ ಸಾಂದ್ರ ಕ್ಯಾಪ್ಸೂಲುಗಳ, ಭಟ್ಟಿ ಇಳಿಸಿದ ಸಾರಗಳ ಮಾತು.

ಅಮೆರಿಕದಲ್ಲಿ ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಒಂದು ಜಾಲವಿದೆ. ಅರಿಶಿನದ ಕ್ಯಾಪ್ಸೂಲಿನಿಂದಲೇ ಆದದ್ದೆಂದು ಅದು ಹತ್ತು ಪ್ರಕರಣಗಳನ್ನು ಗುರುತಿಸಿದೆ. ಒಬ್ಬರು ತೀರಿಕೊಂಡರು. ಹತ್ತು ಎಂಬುದು ಲಕ್ಷಾಂತರ ಮಂದಿ ನುಂಗುವ ವಸ್ತುವಿಗೆ ಸಣ್ಣ ಸಂಖ್ಯೆಯೇ. ಆದರೆ ಜೆಫಿಟಿನಿಬ್ ಕೂಡ ಯಕೃತ್ತನ್ನು ಕೆಣಕುವ ಔಷಧ. ರಕ್ತಪರೀಕ್ಷೆಯಲ್ಲಿ ಅಂಕಿಗಳು ಏರಿದಾಗ, ಮನೆಯಲ್ಲಿನ ಡಬ್ಬದ ಸುದ್ದಿ ತಿಳಿಯದ ವೈದ್ಯರು ಅನುಮಾನಿಸುವುದು ಮಾತ್ರೆಯನ್ನೇ. ಕೆಲಸ ಮಾಡುತ್ತಿದ್ದ ಮಾತ್ರೆ ಸುಮ್ಮನೆ ನಿಂತುಹೋಗುತ್ತದೆ.

ಗಿಡದ್ದು, ಆದ್ದರಿಂದ ಕೆಡುಕಾಗದು ಎನ್ನುವವರಿಗೆ ಶ್ವಾಸಕೋಶ ಕ್ಯಾನ್ಸರಿನ ಇತಿಹಾಸದಲ್ಲೇ ಕಹಿ ಉತ್ತರವೊಂದಿದೆ. ಗಜ್ಜರಿಯ ಬಣ್ಣವಾದ ಬೀಟಾ ಕ್ಯಾರೊಟಿನ್ ಹೆಚ್ಚು ತಿನ್ನುವವರಲ್ಲಿ ಈ ಕ್ಯಾನ್ಸರ್ ಕಡಿಮೆ ಎಂದು ಸಮೀಕ್ಷೆಗಳು ಹೇಳುತ್ತಿದ್ದವು. ಫಿನ್‌ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರನ್ನು ಗುಂಪುಗಳಾಗಿ ಹಂಚಿ, ಕೆಲವು ಗುಂಪಿಗೆ ದಿನಕ್ಕೆ 20 ಮಿಲಿಗ್ರಾಂ ಮಾತ್ರೆಯಾಗಿ ಅದನ್ನು ಕೊಟ್ಟರು. 1994ರಲ್ಲಿ ಲೆಕ್ಕ ಹಾಕಿದಾಗ ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚಾಗಿತ್ತು. ವಿಟಮಿನ್ ಎ ಕೂಡ ಸೇರಿಸಿ ನಡೆಸಿದ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ 28% ಹೆಚ್ಚು. ಅದನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಗಜ್ಜರಿ ತಿನ್ನುವುದು ಬೇರೆ, ಗಜ್ಜರಿಯಲ್ಲಿರುವ ಒಂದೇ ಅಣುವನ್ನು ಮಾತ್ರೆ ಮಾಡಿ ಸೇದುವವರಿಗೆ ನುಂಗಿಸುವುದು ಬೇರೆ.

ತಂಬಾಕೂ ಗಿಡವೇ ತಾನೆ. ಅದರ ಹೊಗೆ ಯಕೃತ್ತಿನ ಇನ್ನೊಂದು ಕಿಣ್ವವನ್ನು ಚುರುಕುಗೊಳಿಸಿ ಎರ್ಲೋಟಿನಿಬ್ ಅನ್ನು ಬೇಗ ಹೊರಹಾಕಿಸುತ್ತದೆ. ಬೀಡಿ ಬಿಡದೆ ಮಾತ್ರೆ ನುಂಗುವವರ ರಕ್ತದಲ್ಲಿ ಆ ಔಷಧ ಸೇದದವರಿಗಿಂತ ಬಹಳ ಕಡಿಮೆ ಸಿಗುತ್ತದೆ.

ಹೀಗಾಗಿ ಮನೆಯಲ್ಲಿ ಯಾರಿಗಾದರೂ ಈ ಮಾತ್ರೆಗಳು ನಡೆಯುತ್ತಿದ್ದರೆ ಎರಡು ಕೆಲಸ ಮಾಡಿ. ಬಯಾಪ್ಸಿಯ ಮ್ಯುಟೇಶನ್ ವರದಿ ಫೈಲಿನಲ್ಲಿ ಇದೆಯೇ ನೋಡಿ; ಇಲ್ಲದಿದ್ದರೆ ಯಾಕಿಲ್ಲ ಎಂದು ವೈದ್ಯರನ್ನು ಕೇಳಿ, ಅದು ನಿಮ್ಮ ಹಕ್ಕು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ರೋಗಿ ಸೇವಿಸುತ್ತಿರುವ ಕಷಾಯದ ಪುಡಿ, ಲೇಹ್ಯ, ಕ್ಯಾಪ್ಸೂಲ್, ಆಸಿಡಿಟಿಯ ಮಾತ್ರೆ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲೆ ಇಡಿ. ಬೈದಾರು ಎಂದು ಮುಚ್ಚಿಡಬೇಡಿ.